ಪದ ಬೇಕು: ಸಿನಿಮಾದ ‘ರೀಬೂಟ್‌’ಗೆ ಕನ್ನಡ (ನಾಳೆ ಬೆಳಿಗ್ಗೆಯೊಳಗೆ)

ಹಾಸನದಿಂದ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳು ಸೂಪರ್‌ಹೀರೋಗಳ ಬಗ್ಗೆ ಪ್ರದರ್ಶನ ಮಾಡುತ್ತಿದ್ದಾರೆ. ಫ್ಲೆಕ್ಸ್ ಅಂಗಡಿಯವರು ನಾಳೆ ಹನ್ನೊಂದರೊಳಗೆ ಮ್ಯಾಟರ್ ಕೊಡಿ ಎಂದಿದ್ದಾರೆ. ಒಂದು ಫಲಕದ ತಲೆಬರಹ ಹೀಗೆ ನಿಂತಿದೆ: ‘ಒಬ್ಬನೇ ಸ್ಪೈಡರ್‌ಮ್ಯಾನ್, ಮೂರು ______’.

2002ರಿಂದ 2007ರವರೆಗೆ ಟೋಬಿ ಮಗ್ವಾಯರ್ ಮೂರು ಚಿತ್ರ ಮಾಡಿದರು. ನಾಲ್ಕನೆಯದನ್ನು ಕೈಬಿಟ್ಟು, 2012ರಲ್ಲಿ ಆಂಡ್ರ್ಯೂ ಗಾರ್‌ಫೀಲ್ಡ್ ಅವರನ್ನು ಹಾಕಿಕೊಂಡು ಕಥೆಯನ್ನು ಹೊಸದಾಗಿ ಶುರು ಮಾಡಿದರು. 2017ರ ಚಿತ್ರದಲ್ಲಿ ಟಾಮ್ ಹಾಲೆಂಡ್. ಇದರಲ್ಲಿ ಸ್ಪೈಡರ್‌ಮ್ಯಾನ್ ಆಗುವ ಪೀಟರ್‌ಗೆ ಹದಿನೈದು ವರ್ಷ, ನಮ್ಮ ಮಕ್ಕಳದೇ ವಯಸ್ಸು. ಹೀಗೆ ಹೊಸದಾಗಿ ಶುರು ಮಾಡುವುದೇ ರೀಬೂಟ್; ರೀಮೇಕ್ ಅಲ್ಲ, ಮುಂದಿನ ಭಾಗವೂ ಅಲ್ಲ. ನಾನು ‘ಮರುಪ್ರಾರಂಭ’ ಎಂದು ಬರೆದಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, ‘ಶೂಟಿಂಗ್ ನಿಂತೋಗಿತ್ತಾ ಮಿಸ್?’ ಅಂದಳು. ಆಮೇಲೆ ಆ ಪದ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ.

ಚಿಕ್ಕಮಗಳೂರಿನಿಂದ:

‘ಮರುಪ್ರಾರಂಭ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ್ದು. ವ್ಯಾಕರಣಕಾರ ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಬೇಡ ಎಂದಿದ್ದಾನೆ. ‘ಮರುಹುಟ್ಟು’ ಎನ್ನಿ. ಹಳಗನ್ನಡದ ‘ಮಱು’, ಶಕಟರೇಫದ್ದು, ಅಂದರೆ ಹಳೆಯ ‘ಱ’ ಅಕ್ಷರದ್ದು. ಎರಡು ಪದವೂ ಅಚ್ಚಗನ್ನಡ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಸಕಲೇಶಪುರದಿಂದ:

ಇದೆ ಸಾರ್. ಮರುಪರೀಕ್ಷೆ, ಮರುಮೌಲ್ಯಮಾಪನ ಎಸ್ಸೆಸ್ಸೆಲ್ಸಿ ಮಕ್ಕಳ ಬಾಯಲ್ಲೇ ಇವೆ. ಮೇಡಂ ಅವರ ತೊಡಕು ಸಮಾಸದ್ದಲ್ಲ, ಅರ್ಥದ್ದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು, ಮಣ್ಣು ತೆಗೆದ ಮೇಲೆ ‘ಸಂಚಾರ ಪುನರಾರಂಭ’ ಎಂದು ಪೇಪರಿನಲ್ಲಿ ಬರುತ್ತದೆ. ಅದೇ ರಸ್ತೆ, ಅದೇ ಬಸ್ಸು, ನಿಂತಲ್ಲಿಂದ ಮುಂದಕ್ಕೆ. ಆ ಹುಡುಗಿ ಪದವನ್ನು ಸರಿಯಾಗಿಯೇ ಓದಿದ್ದಾಳೆ.

‘ಮರುಹುಟ್ಟು’ ಇನ್ನೂ ಎಡವಟ್ಟು. ಸೂಪರ್‌ಮ್ಯಾನ್ 2016ರ ಚಿತ್ರದಲ್ಲಿ ಸತ್ತು, 2017ರದರಲ್ಲಿ ಎದ್ದು ಬಂದ. ಅದು ಮರುಹುಟ್ಟು. 2025ರಲ್ಲಿ ಬಂದವನು ಬೇರೆ ನಟ, ಬೇರೆ ಕಥೆ. ಹಿಂದಿನವನ ಸಾವು ಇವನ ಲೋಕದಲ್ಲಿ ನಡೆದೇ ಇಲ್ಲ. ಎರಡಕ್ಕೂ ಒಂದೇ ಪದ ಕೊಟ್ಟರೆ ಮಕ್ಕಳಿಗೆ ಏನು ತಿಳಿದೀತು?

ಚನ್ನರಾಯಪಟ್ಟಣದಿಂದ:

ಪದ ಹೊಲದಲ್ಲೇ ಇದೆ: ‘ಕೂಳೆ’. ಕಬ್ಬು ಕಡಿಯುವಾಗ ಬುಡಕ್ಕೆ, ನೆಲ ಸವರುವಂತೆ ಕಡಿಯುತ್ತೇವೆ. ತರಗು ಸರಿಸಿ ನೀರು ಕಟ್ಟಿದರೆ ಅದೇ ಬುಡದಿಂದ ಹಸಿರು ಮೊಳಕೆ ಏಳುತ್ತದೆ. ಹೊಸ ಬಿತ್ತನೆ ಬೇಡ. ಬೇರು ಹಳೆಯದು, ಜಲ್ಲೆ ಹೊಸದು. ಸ್ಟುಡಿಯೋಗಳು ಮಾಡುವುದೂ ಇದನ್ನೇ. ಪಾತ್ರದ ಹಕ್ಕು ಬೇರು, ಅದನ್ನು ಅವರು ಬಿಡುವುದಿಲ್ಲ. 2015ರಲ್ಲಿ ಮಾರ್ವೆಲ್ ಜೊತೆ ಒಪ್ಪಂದ ಮಾಡಿಕೊಂಡಾಗಲೂ ಸ್ಪೈಡರ್‌ಮ್ಯಾನ್ ಸಿನಿಮಾದ ಹಕ್ಕನ್ನು ಸೋನಿ ತನ್ನ ಬಳಿಯೇ ಇಟ್ಟುಕೊಂಡಿತು. ನಟ, ನಿರ್ದೇಶಕ, ಕಥೆ, ಎಲ್ಲ ಕಡಿದು ಹೊಸದು ಎಬ್ಬಿಸಿದರು. ‘ಮೂರು ಕೂಳೆ’ ಎನ್ನಿ ಮೇಡಂ. ಅಲ್ಲ, ಮೊದಲನೆಯದು ನಾಟಿ, ಆಮೇಲಿನವು ಎರಡು ಕೂಳೆ. ಲೆಕ್ಕವೂ ಸರಿಹೋಗುತ್ತದೆ.

ಸಕಲೇಶಪುರದಿಂದ:

ಚೆಂದದ ಪದ, ಇಲ್ಲ ಅನ್ನಲ್ಲ. ಆದರೆ ಕೂಳೆ ಬೆಳೆ ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಸುತ್ತದೆ; ಆ ಮಾತೂ ಪದದ ಜೊತೆಗೇ ಬರುತ್ತದೆ. ಫ್ಲೆಕ್ಸಿನವರು ‘ಕೂ’ ಬದಲು ‘ಕೊ’ ಹಾಕಿದರೆ ‘ಕೊಳೆ’ ಆಗುತ್ತದೆ. ನಾನು ಕಂಡಿದ್ದೇನೆ ಇಂಥವನ್ನು.

ಅರಸೀಕೆರೆಯಿಂದ:

ರೀಬೂಟ್ ಅಂತಲೇ ಬರೆಯಿರಿ. ಮಕ್ಕಳು ಫೋನು ರೀಬೂಟ್ ಮಾಡುತ್ತಾರೆ, ಕಂಪ್ಯೂಟರ್ ರೀಬೂಟ್ ಮಾಡುತ್ತಾರೆ. ಸಿನಿಮಾ ಎಂಬ ಪದವನ್ನೇ ತಂದುಕೊಂಡವರಿಗೆ ಇದೊಂದು ಭಾರವೇ? ಚಿಕ್ಕಮಗಳೂರಿನವರು ದಿನಾ ಕುಡಿಯುವ ಕಾಫಿ ಯಾವ ಅಚ್ಚಗನ್ನಡ?

ಚಿಕ್ಕಮಗಳೂರಿನಿಂದ:

ಕಾಫಿಯನ್ನು ಇಲ್ಲಿ ಎಳೆಯಬೇಡಿ. ಬಾಬಾಬುಡನ್ ಬೆಟ್ಟಕ್ಕೆ ಬೀಜ ಯೆಮನ್‌ನಿಂದ ಬಂತು ಎನ್ನುತ್ತಾರೆ, ಹೆಸರೂ ಹೊರಗಿನಿಂದಲೇ ಬಂತು. ಒಪ್ಪಿದೆ. ಆದರೆ ತೋಟದೊಳಗೆ ಹೋಗಿ ನೋಡಿ: ಗಿಡದ ರೆಂಬೆ ಸವರುವುದಕ್ಕೆ ಕಸಿ, ನೆರಳಿನ ಮರದ ಕೊಂಬೆ ಸವರುವುದಕ್ಕೆ ಮರಗಸಿ, ಚಿಗುರು ತೆಗೆಯುವುದು, ಹಣ್ಣು ಕುಯ್ಯುವುದು. ವಸ್ತುವಿನ ಹೆಸರು ಬರಲಿ, ಮಾಡುವ ಕೆಲಸಕ್ಕೆ ನಮ್ಮ ಮಾತಿದೆ. ರೀಬೂಟ್ ವಸ್ತುವಲ್ಲ, ಕೆಲಸ. ಮೇಲಾಗಿ ಆ ‘ಬೂಟು’ ಅವರ ಭಾಷೆಯಲ್ಲೂ ಕಾಲಿನದೇ, ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದರಿಂದ ಕಂಪ್ಯೂಟರಿಗೆ ಬಂದದ್ದು. ಸಿನಿಮಾಕ್ಕೆ ಅದನ್ನು ಹೊರುವ ಕರ್ಮ ನಮಗೇಕೆ?

ಅರಸೀಕೆರೆಯಿಂದ:

ಹಾಗಾದರೆ ‘ಡಬ್ಬಿಂಗ್’ ಕೆಲಸಕ್ಕೆ ನಿಮ್ಮ ಮಾತು ಕೊಡಿ. ನಾನು ಇಲ್ಲಿಗೆ ಬಿಟ್ಟೆ.

ಹಾಸನದಿಂದ:

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗಿಯನ್ನೇ ಕೂರಿಸಿಕೊಂಡು, ಮೂರನೆಯದು ಎರಡನೆಯದರ ಮುಂದುವರಿಕೆ ಯಾಕಲ್ಲ, ನಿನ್ನ ಮಾತಲ್ಲಿ ಹೇಳು ಅಂದೆ. ‘ಹಳೇದು ಲೆಕ್ಕಕ್ಕಿಲ್ಲ ಮಿಸ್’ ಅಂದಳು. ‘ಮೊದಲಿಂದ’ ಎಂದು ಬರೆಯೋಣವಾ ಎಂದರೆ ಬೇಡ ಅಂದಳು. 2017ರದರಲ್ಲಿ ಜೇಡ ಕಚ್ಚುವುದನ್ನು ತೋರಿಸುವುದೇ ಇಲ್ಲ, ಕಥೆ ಮೊದಲಿಂದ ಶುರುವಾಗಲ್ಲ, ಆದರೆ ಹಿಂದೆ ಆಗಿದ್ದು ಯಾವುದೂ ಲೆಕ್ಕಕ್ಕಿಲ್ಲ, ಅಷ್ಟೇ. ನಾವು ಇಷ್ಟು ಹೊತ್ತು ಹುಡುಕಿದ ಅರ್ಥ ಅದೇ ಅಲ್ಲವೇ? ‘ಒಬ್ಬನೇ ಸ್ಪೈಡರ್‌ಮ್ಯಾನ್, ಮೂರು ಹೊಸ ಲೆಕ್ಕ’ ಎಂದು ಕೊಟ್ಟು ಬಂದೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ ರೀಬೂಟ್ ಎಂದೂ ಇದೆ. ಕೂಳೆಯನ್ನು ಒಳಗಿನ ಬರಹದಲ್ಲಿ ಬಳಸಿದ್ದೇನೆ, ‘ಕೂ’ ಅಕ್ಷರವನ್ನು ಎರಡು ಸಲ ನೋಡಿದೆ.

ಚಿಕ್ಕಮಗಳೂರಿನಿಂದ:

‘ಲೆಕ್ಕ’ ತದ್ಭವ, ಆದ್ದರಿಂದ ಅರಿಸಮಾಸದ ದೋಷವಿಲ್ಲ. ಪಾರಿಭಾಷಿಕ ಪದವಾಗಿ ನಿಲ್ಲಬೇಕಾದರೆ ‘ಹೊಸಲೆಕ್ಕ’ ಎಂದು ಕೂಡಿಸಿ ಬರೆಯಬೇಕು. ಅಂಗಡಿಗೆ ಫೋನ್ ಮಾಡಿ, ಇನ್ನೂ ಮುದ್ರಿಸಿರಲಿಕ್ಕಿಲ್ಲ.