ಪ್ಲಗ್ ಪವರ್ ಷೇರು ಇದೆ, ಟೆನ್-ಕೆ ವರದಿಯಲ್ಲಿ ಮೊದಲು ಯಾವ ಪುಟ ನೋಡಲಿ?

ಪ್ರಶ್ನೆ: ಮೇಡಂ, ನಾನು ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೇನೆ. 2021ರಲ್ಲಿ ಹೈಡ್ರೋಜನ್ ಕಂಪನಿ ಪ್ಲಗ್ ಪವರ್‌ನ ಷೇರು ತಗೊಂಡೆ. ಆಮೇಲೆ ಇಳಿಯುತ್ತಲೇ ಹೋಯಿತು. ಕಂಪನಿಯ ಪ್ರಕಟಣೆ ಓದಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಕೊಡುವ ವರದಿ ತೆರೆದರೆ ತಲೆ ಸುತ್ತುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಸಿಎ): ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಎಲ್ಲವೂ ಉಚಿತ. ಟೆನ್-ಕೆ ಅಂದರೆ ಆಡಿಟ್ ಆದ ವಾರ್ಷಿಕ ವರದಿ. ಟೆನ್-ಕ್ಯೂ ಮೂರು ತಿಂಗಳದ್ದು, ಅದಕ್ಕೆ ಪೂರ್ತಿ ಆಡಿಟ್ ಇರುವುದಿಲ್ಲ. ಮೊದಲ ಪುಟದಿಂದ ಓದಬೇಡಿ. ನೇರ ಲಾಭ-ನಷ್ಟದ ಪಟ್ಟಿಗೆ ಹೋಗಿ.

ಈ ಕಂಪನಿ ಗೋದಾಮುಗಳ ಫೋರ್ಕ್‌ಲಿಫ್ಟ್‌ಗಳಿಗೆ ಹೈಡ್ರೋಜನ್‌ನಿಂದ ವಿದ್ಯುತ್ ಮಾಡುವ ಫ್ಯುಯೆಲ್ ಸೆಲ್ ಮಾರುತ್ತದೆ, ಅವಕ್ಕೆ ಹೈಡ್ರೋಜನ್ನೂ ಒದಗಿಸುತ್ತದೆ. ಗ್ರಾಹಕರಿಗೆ ಕೊಟ್ಟ ಇಂಧನದ ಸಾಲು ಬೇರೆಯಾಗಿಯೇ ಇರುತ್ತದೆ. 2023ರಲ್ಲಿ ಅದರಿಂದ ಬಂದದ್ದು ಸುಮಾರು 66 ಮಿಲಿಯನ್ ಡಾಲರ್, ಅದಕ್ಕೆ ಆದ ಖರ್ಚು ಸುಮಾರು 246 ಮಿಲಿಯನ್. ನೂರು ರೂಪಾಯಿಯ ಹಾಲನ್ನು 27 ರೂಪಾಯಿಗೆ ಮಾರಿದ ಹಾಗಾಯಿತು. ಮಾರಾಟ ಹೆಚ್ಚಿತು ಎಂಬ ಸುದ್ದಿಗಿಂತ ಈ ಒಂದು ಸಾಲು ನನಗೆ ಜಾಸ್ತಿ ಹೇಳುತ್ತದೆ.

ಆಮೇಲೆ ಕೈಯಲ್ಲಿರುವ ಹಣ ನೋಡಿ. ಇಲ್ಲಿ ತುಂಬಾ ಜನ ಎಡವುತ್ತಾರೆ. 2023ರ ಕೊನೆಗೆ ಕಂಪನಿ ಖರ್ಚು ಮಾಡಬಹುದಾಗಿದ್ದ ನಗದು 135 ಮಿಲಿಯನ್ ಮಾತ್ರ. ಇನ್ನೊಂದು ಬಿಲಿಯನ್ ಇತ್ತು, ಆದರೆ ಗುತ್ತಿಗೆ ಒಪ್ಪಂದಗಳಂಥವಕ್ಕೆ ಭದ್ರತೆಯಾಗಿ ಕಟ್ಟಿಹಾಕಿದ್ದು. ಎರಡನ್ನೂ ಕೂಡಿಸಿ ನೋಡಿದರೆ ಸುಮ್ನೆ ಧೈರ್ಯ ಬರುತ್ತದೆ ಅಷ್ಟೇ. ಆ ವರ್ಷದ ನಿವ್ವಳ ನಷ್ಟವೇ 1.37 ಬಿಲಿಯನ್!

ಪ್ರಶ್ನೆ: 2020ರಲ್ಲಿ ವರಮಾನ ಮೈನಸ್ 93 ಮಿಲಿಯನ್ ಎಂದಿದೆ. ಮಾರಾಟ ಮೈನಸ್ ಆಗುವುದು ಹೇಗೆ ಮೇಡಂ? ಅಚ್ಚಿನ ತಪ್ಪಾ?

ಉತ್ತರ: ತಪ್ಪಲ್ಲ. 2017ರಲ್ಲಿ ಅಮೆಜಾನ್ ಮತ್ತು ವಾಲ್‌ಮಾರ್ಟ್‌ಗೆ ಪ್ಲಗ್ ವಾರಂಟ್ ಕೊಟ್ಟಿತ್ತು. ಸರಕು ಕೊಂಡಂತೆಲ್ಲ ಕಂಪನಿಯ ಷೇರು ಪಡೆಯುವ ಹಕ್ಕು ಅದು. ಗ್ರಾಹಕನಿಗೆ ಕೊಟ್ಟ ರಿಯಾಯಿತಿ ಎಂದು ಅದರ ಬೆಲೆಯನ್ನು ವರಮಾನದಿಂದಲೇ ಕಳೆಯಬೇಕು. 2020ರ ಕೊನೆಗೆ ಅಮೆಜಾನ್‌ಗೆ ಉಳಿದಿದ್ದ ಷರತ್ತುಗಳನ್ನು ಕೈಬಿಟ್ಟರು, ಉಳಿದ ದೊಡ್ಡ ಮೊತ್ತ ಒಂದೇ ಸಲ ಕಳೆಯಿತು. ಟಿಪ್ಪಣಿಗಳಲ್ಲಿ ವಾರಂಟ್ ಎಂಬ ಪದ ಹುಡುಕಿ ಓದಿ.

ಪ್ರಶ್ನೆ: ಕಂಪನಿ ಮುಳುಗುವ ಸೂಚನೆ ಮೊದಲೇ ಸಿಗುತ್ತದಾ?

ಉತ್ತರ: ಮುಳುಗುತ್ತದೆ ಎಂದು ಯಾರೂ ಬರೆಯುವುದಿಲ್ಲ. ಆದರೆ ಮುಂದಿನ ಒಂದು ವರ್ಷ ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಗಟ್ಟಿಯಾಗಿದ್ದರೆ ಬರೆಯಲೇಬೇಕು. 2023ರ ನವೆಂಬರ್‌ನ ಟೆನ್-ಕ್ಯೂನಲ್ಲಿ ಪ್ಲಗ್ ಹಾಗೆ ಬರೆಯಿತು. ಮರುದಿನ ಷೇರು ಸುಮಾರು 40% ಬಿತ್ತು. 2024ರ ಜನವರಿಯಲ್ಲಿ ಮಾರುಕಟ್ಟೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ಒಂದು ಬಿಲಿಯನ್ ಡಾಲರ್‌ವರೆಗೆ ಹೊಸ ಷೇರು ಮಾರುವ ಒಪ್ಪಂದ ಮಾಡಿಕೊಂಡರು. ಆಮೇಲೆ ಬಂದ 2023ರ ಟೆನ್-ಕೆಯಲ್ಲಿ ಆ ಅನುಮಾನದ ಮಾತು ಇರಲಿಲ್ಲ.

ಕಂಪನಿ ಉಸಿರಾಡಿತು, ಸರಿ. ಆದರೆ ಬೆಲೆ ತೆತ್ತವರು ನಿಮ್ಮಂಥ ಹಳೆಯ ಷೇರುದಾರರು, ಅಲ್ವಾ? ವರದಿಯ ಮುಖಪುಟದಲ್ಲೇ ಒಟ್ಟು ಷೇರುಗಳ ಸಂಖ್ಯೆ ಇರುತ್ತದೆ. 2020ರ ಶುರುವಿನಲ್ಲಿ ಸುಮಾರು 30 ಕೋಟಿ ಇದ್ದದ್ದು 2025ರಲ್ಲಿ 100 ಕೋಟಿ ದಾಟಿತು. ನಿಮ್ಮ ಪಾಲು ಅಷ್ಟರ ಮಟ್ಟಿಗೆ ತೆಳುವಾಯಿತು.

ಪ್ರಶ್ನೆ: ಹಾಗಾದರೆ ಮಾರಿಬಿಡಲಾ?

ಉತ್ತರ: ನಿಮ್ಮ ಸಾಲ, ಮಕ್ಕಳ ಓದು ಯಾವುದೂ ನನಗೆ ಗೊತ್ತಿಲ್ಲ, ಇಲ್ಲಿ ಕೂತು ಅದನ್ನು ಹೇಳಲಾರೆ. ಮುಂದಿನ ಟೆನ್-ಕ್ಯೂ ಬಂದ ದಿನ ಇಂಧನದ ಸಾಲು, ಕಟ್ಟಿಹಾಕದ ನಗದು, ಷೇರುಗಳ ಸಂಖ್ಯೆ ಬರೆದುಕೊಂಡು ಇಲ್ಲೇ ಹಾಕಿ. ಹಿಂದಿನ ವರ್ಷದ ಇದೇ ಅವಧಿಯದ್ದೂ ಇರಲಿ. ಒಟ್ಟಿಗೆ ಓದೋಣ.