ಸಹಾಯ ಬೇಕು: ಒಳಗೇ ಫ್ಲ್ಯಾಶ್ ಇಲ್ಲದ ಕ್ಯಾಮೆರಾ ಕೊಳ್ಳಬಹುದೇ?

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತೇನೆ. ಈಗಿರುವುದು ನಿಕಾನ್ ಡಿ750. ಅದೇ ಕಂಪನಿಯ ಝಡ್8 ಕೊಳ್ಳುವ ಯೋಚನೆಯಿದೆ. ಅದರಲ್ಲಿ ಫ್ಲ್ಯಾಶೇ ಇಲ್ಲ ಎಂಬುದೊಂದೇ ನನ್ನನ್ನು ತಡೆದಿದೆ.

ಕ್ಯಾಮೆರಾದೊಳಗಿನ ಫ್ಲ್ಯಾಶ್ ದುರ್ಬಲ ಎನ್ನುವುದು ಒಪ್ಪುವ ಮಾತೇ. ಡಿ750ರ ಫ್ಲ್ಯಾಶ್‌ನ ಗೈಡ್ ನಂಬರ್ (ಅದರ ಬಲದ ಅಳತೆ) 12. ಐಎಸ್‌ಒ 100, ಎಫ್/4ರಲ್ಲಿ ಬೆಳಕು ಸರಿಯಾಗಿ ತಲುಪುವುದು 3 ಮೀಟರ್‌ವರೆಗೆ ಮಾತ್ರ. ಕಲ್ಯಾಣ ಮಂಟಪದಲ್ಲಿ ನಾನೂ ಅದನ್ನು ಮುಟ್ಟುವುದಿಲ್ಲ. ಆದರೆ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಮದುಮಕ್ಕಳನ್ನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಮುಖ ಕಪ್ಪಾಗುತ್ತದೆ. ಆಗ ಫ್ಲ್ಯಾಶ್ ಎಬ್ಬಿಸಿ, ಅದರ ಬೆಳಕನ್ನು ಒಂದು ಸ್ಟಾಪ್ (ಅಂದರೆ ಅರ್ಧಕ್ಕೆ) ಇಳಿಸಿದರೆ ಸಾಕು: ಆಕಾಶದ ಕೆಂಪೂ ಉಳಿಯುತ್ತದೆ, ವಧುವಿನ ಮೂಗುತಿಯೂ ಹೊಳೆಯುತ್ತದೆ. ದೂರ ಇಟ್ಟ ಫ್ಲ್ಯಾಶ್ ಅನ್ನು ತಂತಿಯಿಲ್ಲದೆ ಬೆಳಗಿಸುವುದೂ ಅದೇ. ಇಷ್ಟು ಬೆಲೆಯ ಕ್ಯಾಮೆರಾದಲ್ಲಿ ಇದನ್ನು ಕೈಬಿಟ್ಟದ್ದು ನನಗಂತೂ ಸರಿ ಕಾಣುವುದಿಲ್ಲ.

ಝಡ್8 ಬಳಸುವವರು ದಯವಿಟ್ಟು ತಿಳಿಸಿ. ಹಾಟ್ ಶೂಗೆ (ಕ್ಯಾಮೆರಾದ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಹಾಕಲು ಹಗುರವಾದ ಫ್ಲ್ಯಾಶ್ ಯಾವುದು ಒಳ್ಳೆಯದು? ಕಡಲ ಉಪ್ಪುಗಾಳಿಗೆ ಹಾಟ್ ಶೂನ ಲೋಹದ ಸಂಪರ್ಕ ಬಿಂದುಗಳು ಹಾಳಾಗುತ್ತವೆಯೇ, ಹೇಗೆ ಒರೆಸಿಡುತ್ತೀರಿ? ದೂರದ ಫ್ಲ್ಯಾಶ್ ಬೆಳಗಿಸಲು ರೇಡಿಯೊ ಟ್ರಿಗರ್ ಕೊಳ್ಳುವುದೇ ಮೇಲೇ? ಮಳೆಗಾಲ ಮುಗಿದು ತುಳಸಿ ಮದುವೆ ಕಳೆದರೆ ಮುಹೂರ್ತಗಳು ಶುರು; ಅಷ್ಟರೊಳಗೆ ತೀರ್ಮಾನಿಸಬೇಕು.