ತರನಾಕಿ: ಬೆಟ್ಟದ ಹೆಸರು ಬೇಲಿಗೆ ಬಂದದ್ದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನ್ಯೂಜಿಲೆಂಡಿನ ಹೈನುಗಾರಿಕೆಯ ಬಗ್ಗೆ ಓದುತ್ತಿದ್ದಾಗ ‘ತರನಾಕಿ ಗೇಟು’ ಎಂಬ ಮಾತು ಸಿಕ್ಕಿತು. ತಂತಿ ಮತ್ತು ಮರದ ಪಟ್ಟಿಗಳಿಂದ ಮಾಡಿದ, ಬೇಲಿಯದೇ ಒಂದು ತುಂಡಿನಂತಿರುವ ಈ ಗೇಟಿಗೆ ತಿರುಗಣಿಯಿಲ್ಲ. ಕೊನೆಯ ಕೋಲನ್ನು ಕಂಬದ ತಂತಿಕುಣಿಕೆಯಿಂದ ಬಿಡಿಸಿ ಪಕ್ಕಕ್ಕೆಳೆದರೆ ದನಗಳಿಗೆ ದಾರಿಯಾಗುತ್ತದೆ. ನಮ್ಮ ಉಣುಗೋಲಿನ ನೆನಪಾಯಿತು. ಆದರೆ ತರನಾಕಿ ಅಲ್ಲಿನ ಮೂಲನಿವಾಸಿ ಮಾವೋರಿಗಳ ಪವಿತ್ರ ಪರ್ವತವಲ್ಲವೇ?

ಉತ್ತರ 1 (ಸಾಗರದಿಂದ):
ಹೌದು, ಉತ್ತರ ದ್ವೀಪದ ಪಶ್ಚಿಮ ಅಂಚಿನಲ್ಲಿರುವ, 2518 ಮೀಟರ್ ಎತ್ತರದ ಜ್ವಾಲಾಮುಖಿ ಅದು. 1770ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಅದನ್ನು ಇಂಗ್ಲೆಂಡಿನ ಶ್ರೀಮಂತನೊಬ್ಬನ ಹೆಸರಿನಿಂದ ‘ಎಗ್ಮಾಂಟ್’ ಎಂದು ಕರೆದ. ವಿಚಿತ್ರವೆಂದರೆ, ಬೆಟ್ಟ ಕಳೆದುಕೊಂಡ ಹೆಸರನ್ನು ಸುತ್ತಲಿನ ಸೀಮೆ ಉಳಿಸಿಕೊಂಡಿತು: ನ್ಯೂ ಪ್ಲಿಮತ್ ಎಂದಿದ್ದ ಪ್ರಾಂತ್ಯ 1859ರಲ್ಲಿ ತರನಾಕಿಯಾಯಿತು. ಮರುವರ್ಷವೇ ಭೂಮಿಗಾಗಿ ನಡೆದ ಯುದ್ಧಕ್ಕೂ ಅದೇ ಹೆಸರು. ವೆಲಿಂಗ್ಟನ್ನಿನ ಬೀದಿ, ರಗ್ಬಿ ತಂಡ, ನೌಕಾಪಡೆಯ ಯುದ್ಧನೌಕೆ ಎಲ್ಲಕ್ಕೂ ಅದೇ. ಹೀಗಾಗಿ ಗೇಟಿಗೆ ಹೆಸರು ಬಂದದ್ದು ಶಿಖರದಿಂದ ನೇರವಾಗಿ ಅಲ್ಲ, ಹೈನಿಗೆ ಹೆಸರಾದ ಆ ಸೀಮೆಯ ಮೂಲಕ ಎಂದು ತಿಳಿಯುವುದು ಸರಿ.

ಉತ್ತರ 2 (ಹೊಸನಗರದಿಂದ):
ಸೀಮೆಯ ಹೆಸರು ಉಳಿಯಿತು ಎಂದಷ್ಟೇ ಹೇಳಿದರೆ ಅರ್ಧ ಕಥೆಯಾಗುತ್ತದೆ. 1865ರಲ್ಲಿ ಸರ್ಕಾರ ಮಾವೋರಿಗಳ ಭೂಮಿಯೊಂದಿಗೆ ಬೆಟ್ಟವನ್ನೂ ಮುಟ್ಟುಗೋಲು ಹಾಕಿಕೊಂಡಿತ್ತು. ನೆಲವನ್ನು ಕಿತ್ತುಕೊಂಡು ಅದರ ಹೆಸರನ್ನು ಹಡಗಿಗೆ ಇಡುವುದು ಗೌರವವೆಂದು ನನಗೆ ಅನಿಸುವುದಿಲ್ಲ. 1986ರಲ್ಲಿ ಎರಡೂ ಹೆಸರುಗಳಿಗೆ ಅಧಿಕೃತ ಮಾನ್ಯತೆ ಸಿಕ್ಕಿತು. 2025ರ ಜನವರಿಯಲ್ಲಿ ಸಂಸತ್ತು ಬೆಟ್ಟಕ್ಕೆ ಕಾನೂನುಬದ್ಧ ವ್ಯಕ್ತಿಯ ಸ್ಥಾನ ನೀಡಿ, ಎಗ್ಮಾಂಟ್ ಹೆಸರನ್ನು ಕೈಬಿಟ್ಟು, ‘ತರನಾಕಿ ಮೌಂಗಾ’ ಎಂಬುದನ್ನೇ ಉಳಿಸಿತು. ಮೌಂಗಾ ಎಂದರೆ ಬೆಟ್ಟ.

ಪ್ರಶ್ನೆ ಕೇಳಿದವರು:
2014ರಲ್ಲಿ ‘ಶಿಮೊಗ’ ಹೋಗಿ ಶಿವಮೊಗ್ಗ ಬಂದದ್ದೂ ಇಂಥದ್ದೇ ಅಲ್ಲವೇ?

ಉತ್ತರ 2:
ಪೂರ್ತಿ ಅಲ್ಲ. ಇಲ್ಲಿ ಬದಲಾದದ್ದು ಇಂಗ್ಲಿಷಿನ ಬರಹ ಮಾತ್ರ, ಕನ್ನಡದಲ್ಲಿ ಊರು ಎಂದೂ ಶಿವಮೊಗ್ಗವೇ. ಅಲ್ಲಿ ಬೆಟ್ಟವನ್ನು ಪೂರ್ವಜನೆಂದು ನಂಬುವ ಜನ, ಆ ಪೂರ್ವಜನ ಹೆಸರನ್ನು ಸರ್ಕಾರಿ ನಕ್ಷೆಯಲ್ಲಿ ಕಾಣಲು ತಲೆಮಾರುಗಟ್ಟಲೆ ಕಾದರು. ಶಿಖರದ ತುತ್ತತುದಿಯ ಮೇಲೆ ಕಾಲಿಡಬೇಡಿರೆಂದು ಚಾರಣಿಗರನ್ನು ಅವರು ಇಂದಿಗೂ ಕೋರುತ್ತಾರೆ.